ಬರಕ್ಕೆ ಹೆದರಿ ಕಡಲಿಗೆ ಹೋದ ಊರುಗಳು

ಕಡಲ ತಡಿಯ ಊರಿಗೂ ನೀರಿನ ಬರ ಬರುತ್ತದೆ ಎಂದರೆ ಒಳನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತಟ್ಟನೆ ನಂಬಿಕೆಯಾಗುವುದಿಲ್ಲ. ಬತ್ತಿದ ಕೆರೆ, ಬಿರುಕುಬಿಟ್ಟ ನೆಲ, ತಳ ಕಂಡ ಬಾವಿ, ಇವೇ ಬರದ ಗುರುತುಗಳೆಂದು ನಾವು ಬಲ್ಲೆವು. ಕಣ್ಣು ಹಾಯುವಷ್ಟು ದೂರವೂ ನೀರೇ ನೀರಾಗಿರುವ ಊರಿನಲ್ಲಿ ಹೆಂಗಸರು ಬಿಂದಿಗೆ ಹಿಡಿದು ಲಾರಿಯ ದಾರಿ ಕಾಯುವುದನ್ನು ನೆನೆದರೆ ವಿಚಿತ್ರವೆನಿಸುತ್ತದೆ. ಆದರೆ ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿದೆ. ನಮ್ಮ ಮೂತ್ರಪಿಂಡಗಳು ಅಷ್ಟು ಉಪ್ಪನ್ನು ಹೊರಕ್ಕೆ ಹಾಕಬೇಕಾದರೆ, ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೈಯಿಂದಲೇ ತೆಗೆಯಬೇಕು. ಕುಡಿದಷ್ಟೂ ದಾಹ ಹೆಚ್ಚುವುದು ಈ ಕಾರಣದಿಂದ.

ಉಪ್ಪುನೀರನ್ನು ಸಿಹಿ ಮಾಡುವ ಉಪಾಯ ಹೊಸದಲ್ಲ. ಸೂರ್ಯ ಕಡಲಿನ ನೀರನ್ನು ಹೀರಿ ಮೋಡ ಮಾಡಿ ಮಳೆಯಾಗಿ ಕೊಡುತ್ತಾನೆಂಬ ಮಾತನ್ನು ನಮ್ಮ ಕವಿಗಳು ಎಷ್ಟು ಬಾರಿ ಹೇಳಿಲ್ಲ! ಕಡಲಿನ ಹಬೆ ತಣಿದರೆ ಸಿಹಿನೀರಾಗುತ್ತದೆಂದು ಗ್ರೀಸಿನ ಅರಿಸ್ಟಾಟಲನೂ ಬರೆದಿಟ್ಟಿದ್ದಾನೆ. ಹಡಗಿನವರಿಗೆ ಇದು ಪ್ರಾಣದ ಪ್ರಶ್ನೆಯಾಗಿತ್ತು. 1791ರಲ್ಲಿ ಅಮೆರಿಕದ ನ್ಯೂಪೋರ್ಟಿನ ಜೇಕಬ್ ಐಸಾಕ್ಸ್ ಎಂಬಾತ, ಕಡಲ ನೀರನ್ನು ಸಿಹಿ ಮಾಡುವ ಹೊಸ ರಹಸ್ಯ ತನ್ನ ಬಳಿ ಇದೆಯೆಂದೂ ಸರ್ಕಾರ ಅದನ್ನು ಕೊಳ್ಳಬೇಕೆಂದೂ ಅರ್ಜಿ ಹಾಕಿದ. ಅರ್ಜಿ ಬಂದದ್ದು ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಥಾಮಸ್ ಜೆಫರ್ಸನನ ಮೇಜಿಗೆ. ಜೆಫರ್ಸನ್ ಪ್ರಯೋಗ ಮಾಡಿಸಿ ನೋಡಿದ. ಆತನ ಮಿಶ್ರಣದಿಂದ ಆದ ವಿಶೇಷವೇನೂ ಇಲ್ಲ, ಸುಮ್ಮನೆ ಬಟ್ಟಿ ಇಳಿಸಿದರೂ ಅಷ್ಟೇ ನೀರು ಬರುತ್ತದೆ ಎಂದು ತೀರ್ಮಾನವಾಯಿತು. ಆದರೆ ಜೆಫರ್ಸನ್ ಅಲ್ಲಿಗೆ ಬಿಡಲಿಲ್ಲ. ಬಟ್ಟಿ ಇಳಿಸುವ ಕ್ರಮವನ್ನು ಹಡಗುಗಳಿಗೆ ಕೊಡುವ ಪರವಾನಗಿಯ ಬೆನ್ನಿಗೆ ಅಚ್ಚು ಹಾಕಿಸಬೇಕೆಂದು ಸಲಹೆ ಮಾಡಿದ. ಸರ್ಕಾರಿ ಕಾಗದದ ಹಿಂಬದಿ ಇಷ್ಟು ಒಳ್ಳೆಯ ಕೆಲಸಕ್ಕೆ ಒದಗುವುದು ಅಪರೂಪವೇ ಸರಿ.

ಹಡಗಿನ ಮಾತು ಹಾಗಿರಲಿ. ಒಂದು ಊರಿಗೆ ಊರೇ ಕುಡಿಯುವಷ್ಟು ನೀರನ್ನು ಬಟ್ಟಿ ಇಳಿಸುವುದು ಬೇರೆ ಮಾತು. ಸಾವಿರ ಲೀಟರು ನೀರನ್ನು ಕುದಿಸಿ ಪೂರ್ತಿ ಹಬೆ ಮಾಡಲು 600 ಯೂನಿಟ್ಟಿಗೂ ಹೆಚ್ಚಿನ ಶಾಖ ಬೇಕು. ದಕ್ಷಿಣ ಅಮೆರಿಕದ ಚಿಲಿಯ ಮರುಭೂಮಿಯಲ್ಲಿ, ಲಾಸ್ ಸಲಿನಾಸ್ ಎಂಬಲ್ಲಿ, 1872ರಲ್ಲಿ ಈ ಶಾಖವನ್ನು ಬಿಸಿಲಿನಿಂದಲೇ ಪಡೆದರು. ಗಾಜು ಹೊದಿಸಿದ ಮರದ ತೊಟ್ಟಿಗಳ ಸಾಲುಗಳು ಬಾವಿಯ ಉಪ್ಪುನೀರಿನಿಂದ ದಿನಕ್ಕೆ ಸುಮಾರು 20 ಸಾವಿರ ಲೀಟರು ಸಿಹಿನೀರು ಕೊಡುತ್ತಿದ್ದವು. ಗಣಿಯ ಸರಕು ಹೊರುವ ಹೇಸರಗತ್ತೆಗಳಿಗೂ ಅದೇ ನೀರು. ಕುವೈತಿಗೆ ಬಹುಕಾಲ ಶತ್ ಅಲ್ ಅರಬ್ ನದಿಯಿಂದ ಹಾಯಿದೋಣಿಗಳಲ್ಲಿ ಕುಡಿಯುವ ನೀರು ಬರುತ್ತಿತ್ತು. ಎಣ್ಣೆ ದೊರೆತ ಮೇಲೆ, 1950ರ ದಶಕದ ಆರಂಭದಲ್ಲಿ, ಅಲ್ಲಿ ಬಟ್ಟಿಯ ಕಾರ್ಖಾನೆಗಳೆದ್ದವು. ಎಣ್ಣೆಯ ಮೇಲೆ ಕೂತವರಿಗೆ ಒಲೆ ಉರಿಸುವುದು ಕಷ್ಟವಲ್ಲ. ಉಳಿದವರ ಗತಿಯೇನು?

ಅಮೆರಿಕದ ಸರ್ಕಾರ 1952ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ ಮಾಡಿ ಸಂಶೋಧನೆಗೆ ಹಣ ಕೊಡತೊಡಗಿತು. 1961ರ ಜೂನ್ 21ರಂದು ಟೆಕ್ಸಾಸಿನ ಫ್ರೀಪೋರ್ಟಿನಲ್ಲಿ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ನೀರು ಕೊಡುವ ಯಂತ್ರಾಗಾರವನ್ನು ಅಧ್ಯಕ್ಷ ಕೆನೆಡಿಯವರು ಶ್ವೇತಭವನದಲ್ಲಿ ಕುಳಿತೇ ಗುಂಡಿಯೊತ್ತಿ ಆರಂಭಿಸಿದರು. ಅದೂ ಬಟ್ಟಿಯೇ. ಆದರೆ ಅಷ್ಟು ಹೊತ್ತಿಗೆ, ಯಾವ ಗುಂಡಿಯೂ ಸಮಾರಂಭವೂ ಇಲ್ಲದೆ, ಲಾಸ್ ಏಂಜಲಿಸ್‌ನ ವಿಶ್ವವಿದ್ಯಾನಿಲಯದ ಒಂದು ಪ್ರಯೋಗಶಾಲೆಯಲ್ಲಿ ಮುಖ್ಯವಾದ ಕೆಲಸ ನಡೆದುಹೋಗಿತ್ತು.

ಇದನ್ನು ಅಡುಗೆಮನೆಯ ದೃಷ್ಟಾಂತದಿಂದ ಹೇಳಬಹುದು. ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಎರಡು ದಿನದಲ್ಲಿ ಮಿಡಿ ಸುಕ್ಕಾಗಿ ಭರಣಿಯಲ್ಲಿ ನೀರು ನಿಂತಿರುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ಉಬ್ಬುತ್ತದೆ. ಎರಡು ಕಡೆಯೂ ಒಂದೇ ನಿಯಮ. ತೆಳುವಾದ ಸಿಪ್ಪೆಯ ಈಚೆ ಆಚೆ ತಿಳಿನೀರೂ ಗಾಢವಾದ ದ್ರಾವಣವೂ ಇದ್ದರೆ, ನೀರು ತಿಳಿಯ ಕಡೆಯಿಂದ ಗಾಢದ ಕಡೆಗೆ ತಾನಾಗಿ ಹರಿಯುತ್ತದೆ. ಇದಕ್ಕೆ ಅಭಿಸರಣ ಎನ್ನುತ್ತಾರೆ. ಈಗ ಗಾಢದ ಕಡೆಯಿಂದ ಬಲವಾಗಿ ಒತ್ತಿದರೆ? ಹರಿವು ತಿರುಗುತ್ತದೆ. ಉಪ್ಪು ಹಿಂದೆ ಉಳಿದು ನೀರು ಮಾತ್ರ ಈಚೆಗೆ ಬರುತ್ತದೆ. ಕಡಲ ನೀರಿನ ಎದುರೊತ್ತಡ ವಾಯುಭಾರದ ಸುಮಾರು 27ರಷ್ಟಿದೆ. ಆದ್ದರಿಂದ ಅದಕ್ಕೂ ಮೀರಿ, ಸಾಮಾನ್ಯವಾಗಿ 55ರಿಂದ 70ರಷ್ಟು, ಒತ್ತಬೇಕು. ಕುದಿಸುವ ಮಾತೇ ಇಲ್ಲ.

ಉಪ್ಪನ್ನು ತಡೆಯುವ ಪೊರೆಯನ್ನು 1950ರ ದಶಕದಲ್ಲೇ ಫ್ಲಾರಿಡದ ರೀಡ್ ಮತ್ತು ಬ್ರೆಟನ್ ಎಂಬವರು ತೋರಿಸಿಕೊಟ್ಟಿದ್ದರು. ಆದರೆ ಅದರಲ್ಲಿ ನೀರು ತೊಟ್ಟು ತೊಟ್ಟಾಗಿ ಜಿನುಗುತ್ತಿತ್ತೇ ಹೊರತು ಊರಿಗೆ ಸಾಕಾಗುವಂತಿರಲಿಲ್ಲ. ಲಾಸ್ ಏಂಜಲಿಸ್‌ನಲ್ಲಿ ಸಿಡ್ನಿ ಲೋಬ್ ಎಂಬವರೂ, ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಎಂಬವರೂ ಸೆಲ್ಯುಲೋಸ್ ಅಸಿಟೇಟಿನ ಹೊಸ ಪೊರೆಯನ್ನು 1960ರ ಸುಮಾರಿಗೆ ಮಾಡಿದರು. ಅದರ ಮೈ ಒಂದೇ ಬಗೆಯದಲ್ಲ. ಮೇಲುಗಡೆ ಅತಿ ತೆಳುವಾದ ಬಿಗಿಯಾದ ಚರ್ಮ, ಕೆಳಗೆ ಸ್ಪಂಜಿನಂಥ ಆಸರೆ. ಉಪ್ಪನ್ನು ತಡೆಯುವುದು ಚರ್ಮ. ಅದು ಬಲು ತೆಳುವಾದ್ದರಿಂದ ನೀರಿಗೆ ಹೆಚ್ಚು ಅಡ್ಡಿಯಿಲ್ಲ. ಈಗ ನಿಮ್ಮ ಮನೆಯ ಗೋಡೆಯಲ್ಲಿ ನೇತಾಡುವ ಆರ್.ಓ. ಪೆಟ್ಟಿಗೆಯೊಳಗಿನ ಪೊರೆ ಆ ಪೊರೆಯ ಮೊಮ್ಮಗಳು. ಸೌರಿರಾಜನ್ನರ ಹೆಸರು ನಮ್ಮ ಮಕ್ಕಳ ಪಾಠದ ಪುಸ್ತಕಗಳಲ್ಲಿ ಕಾಣುವುದು ವಿರಳ. ಕಾಣಬೇಕಾಗಿತ್ತು.

ಈ ಪೊರೆ ಮೊದಲು ಒಂದು ಊರಿಗೆ ನೀರು ಕೊಟ್ಟದ್ದು 1965ರಲ್ಲಿ, ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಚಿಕ್ಕ ಊರಿನಲ್ಲಿ. ಅಲ್ಲಿಯ ಬಾವಿಗಳ ನೀರು ಚಪ್ಪರಿಸಲಾರದಷ್ಟು ಸವುಳು. 1959ರವರೆಗೂ ಕುಡಿಯುವ ನೀರನ್ನು ರೈಲಿನ ತೊಟ್ಟಿಗಳಲ್ಲಿ ತರಿಸುತ್ತಿದ್ದರು. ರೈಲಿನಲ್ಲಿ ಬರುವ ನೀರು ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದು ನಮಗೆ ಹತ್ತಿರದ ಒಂದು ನಿಲ್ದಾಣದಿಂದಲೇ ಹೊರಡಲಿದೆ.

ಇಷ್ಟು ಪೀಠಿಕೆ. ಉಪಾಯ ದೊರೆತ ಮೇಲೆ ಕಷ್ಟ ತೀರಿತೆಂದು ನೀವು ಎಣಿಸಬಹುದು. ನಿಜವಾದ ಕಷ್ಟ ಆರಂಭವಾದದ್ದೇ ಆಗ. ಮಾಡಬಹುದೆಂದು ವಿಜ್ಞಾನಿ ಹೇಳಿಬಿಟ್ಟ. ಮಾಡಬೇಕೆ, ಎಷ್ಟು ದೊಡ್ಡದು ಮಾಡಬೇಕು, ಯಾವಾಗ ಮಾಡಬೇಕು, ಹಣ ಯಾರು ಕೊಡಬೇಕು ಎಂಬುದನ್ನು ಊರಿನ ಪುರಸಭೆ ಹೇಳಬೇಕು. ಅದರ ಕಥೆಯನ್ನು ಹೇಳಲು ಸಾಂತಾ ಬಾರ್ಬರಾ ಎಂಬ ಊರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಈ ಊರು ಕ್ಯಾಲಿಫೋರ್ನಿಯದ ಕರಾವಳಿಯಲ್ಲಿದೆ. ಹಿಂದೆ ಬೆಟ್ಟ, ಮುಂದೆ ಪೆಸಿಫಿಕ್ ಸಾಗರ, ಜನಸಂಖ್ಯೆ 1990ರಲ್ಲಿ ಸುಮಾರು 85 ಸಾವಿರ. ಬೆಟ್ಟದಾಚೆ ಸಾಂತಾ ಯಿನೆಜ್ ನದಿಗೆ ಕಟ್ಟಿದ ಎರಡು ಜಲಾಶಯಗಳೇ ಊರಿಗೆ ಆಧಾರ. ಗಿಬ್ರಾಲ್ಟರ್ ಎಂಬುದು 1920ರದು, ಕಚುಮಾ ಎಂಬುದು 1950ರ ದಶಕದ್ದು. 1986ರ ತರುವಾಯ ಮಳೆ ಒಂದೇ ಸಮನೆ ಕೈಕೊಟ್ಟಿತು. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ಗಿಬ್ರಾಲ್ಟರ್ ಬತ್ತಿಯೇ ಹೋಯಿತು. ಕಚುಮಾ ದಿನೇ ದಿನೇ ಇಳಿಯಿತು. 1990ರಲ್ಲಿ ಪುರಸಭೆ ಹುಲ್ಲುಹಾಸಿಗೆ ನೀರು ಹಾಯಿಸುವುದನ್ನು ನಿಷೇಧಿಸಿತು. ಮನೆ ಮುಂದಿನ ಹುಲ್ಲು ಒಣಗಿ ಕಂದಾಯಿತು. ಕೆಲವರು ಆ ಒಣಹುಲ್ಲಿಗೆ ಹಸುರು ಬಣ್ಣ ಹೊಡೆಸಿದರು! ನಗಬೇಡಿ. ಅತಿಥಿ ಬಂದಾಗ ಹರಿದ ಚಾಪೆಯ ಮೇಲೆ ಜಮಖಾನ ಹಾಸುವುದು ನಮ್ಮಲ್ಲೂ ಉಂಟು.

ಊರಿನ ಮುಂದೆ ಎರಡು ದಾರಿಗಳಿದ್ದವು. ರಾಜ್ಯದ ಉತ್ತರ ಭಾಗದಿಂದ ಬರುವ ದೊಡ್ಡ ಕಾಲುವೆಗೆ ಕೊಳಾಯಿ ಜೋಡಿಸಿಕೊಳ್ಳುವುದು ಒಂದು. ಕಡಲ ನೀರನ್ನು ಸಿಹಿ ಮಾಡುವುದು ಇನ್ನೊಂದು. ಕಾಲುವೆಗೆ ವರ್ಷಗಳು ಹಿಡಿಯುತ್ತಿದ್ದವು. ಮೇಲಾಗಿ ಉತ್ತರದಲ್ಲೂ ಮಳೆ ಇಲ್ಲದಿದ್ದರೆ ಆ ಕಾಲುವೆಯೂ ಬಡಕಲು. ಕಡಲಿಗೆ ಬರವಿಲ್ಲ. ಪುರಸಭೆ ನೆರೆಯ ಎರಡು ನೀರು ಸರಬರಾಜು ಮಂಡಲಿಗಳ ಜೊತೆ ಸೇರಿ ಒಂದು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ಸುಮಾರು 925 ಕೋಟಿ ಲೀಟರು, ಎಂದರೆ ದಿನಕ್ಕೆ ಎರಡೂವರೆ ಕೋಟಿ ಲೀಟರು ಕೊಡುವ ಯಂತ್ರಾಗಾರ. ವೆಚ್ಚ 3 ಕೋಟಿ 40 ಲಕ್ಷ ಡಾಲರು. 1991ರ ಜೂನಿನಲ್ಲಿ ಊರವರ ಮತ ಕೇಳಿದಾಗ, ಬಾಯಾರಿದವರು ಏನು ಹೇಳುತ್ತಾರೆ? ಕಾಲುವೆಯೂ ಇರಲಿ, ಕಡಲೂ ಇರಲಿ ಎಂದು ಎರಡಕ್ಕೂ ಒಪ್ಪಿಗೆ ಕೊಟ್ಟರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮತ ಹಾಕುವ ಮೂರು ತಿಂಗಳ ಮುಂಚೆ, 1991ರ ಮಾರ್ಚಿನಲ್ಲಿ, ಅನಿರೀಕ್ಷಿತವಾಗಿ ಧಾರಾಕಾರ ಮಳೆ ಸುರಿದು ಹೋಗಿತ್ತು. ಆದರೂ ಐದು ವರ್ಷದ ಭಯ ಒಂದು ತಿಂಗಳ ಮಳೆಯಲ್ಲಿ ಕರಗುವುದಿಲ್ಲ. ಕೆಲಸ ನಡೆಯಿತು. 1992ರ ಮಾರ್ಚಿನಲ್ಲಿ ಯಂತ್ರಗಳು ತಿರುಗಿದವು. ಜೂನಿನ ಹೊತ್ತಿಗೆ ನಿಂತವು. ಮಳೆ ಮತ್ತೆ ಬಂದು ಜಲಾಶಯಗಳು ಚೇತರಿಸಿಕೊಂಡಿದ್ದವು. ಬೆಟ್ಟದಿಂದ ಇಳಿದು ಬರುವ ಅಗ್ಗದ ನೀರಿರುವಾಗ ವಿದ್ಯುತ್ತು ಸುರಿದು ದುಬಾರಿ ನೀರು ಮಾಡುವವರು ಯಾರು? ಮೂರು ನಾಲ್ಕು ತಿಂಗಳು ದುಡಿದ ಕಾರ್ಖಾನೆಗೆ ಬೀಗ ಬಿತ್ತು. 1997ರಲ್ಲಿ ಉತ್ತರದ ಕಾಲುವೆಯ ನೀರೂ ಬಂತು. ಕಾರ್ಖಾನೆಯ ಪೊರೆಗಳೂ ಯಂತ್ರಗಳೂ ಅರ್ಧಕ್ಕೆ ಹೆಚ್ಚು ಪಾಲು ಸೌದಿ ಅರೇಬಿಯದ ಕಂಪನಿಗೆ ಮಾರಾಟವಾದವು. ಉಳಿದದ್ದು ಕಟ್ಟಡ, ಕಡಲೊಳಗಿನ ಕೊಳಾಯಿ ಮತ್ತು ಸಾಲದ ಕಂತು.

ಇದನ್ನು ಮುಂದಿಟ್ಟು ಊರವರು ದುಡುಕಿದರೆಂದು ಹೇಳುವವರು ಬಹಳ. ಬರ ಹೋದ ಮೇಲೆ ಬುದ್ಧಿ ಹೇಳುವುದು ಸುಲಭ. ಆದರೆ ನೀವೇ ಯೋಚಿಸಿ: 1990ರಲ್ಲಿ ಪುರಸಭೆಯ ಕುರ್ಚಿಯಲ್ಲಿ ಕೂತವನಿಗೆ ಮುಂದಿನ ಚಳಿಗಾಲದ ಮಳೆಯ ಅಳತೆ ಗೊತ್ತಿರಲಿಲ್ಲ. ಜಲಾಶಯದಲ್ಲಿ ಎಷ್ಟು ತಿಂಗಳ ನೀರಿದೆ ಎಂಬ ಲೆಕ್ಕ ಮಾತ್ರ ಗೊತ್ತಿತ್ತು. ಬೆಂಕಿ ಬೀಳದ ವರ್ಷವೂ ವಿಮೆಯ ಕಂತು ಕಟ್ಟುತ್ತೇವೆ, ಹಣ ಹಾಳಾಯಿತೆಂದು ಅಳುವುದಿಲ್ಲ. ನನ್ನ ದೃಷ್ಟಿಯಲ್ಲಿ ತಪ್ಪು ಕಟ್ಟಿದ್ದರಲ್ಲಿ ಇಲ್ಲ. ಬರ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟ ಮೇಲೆ ಯೋಚನೆ ಶುರುವಾದದ್ದು ತಪ್ಪು, ಕಟ್ಟಿದ್ದನ್ನು ಕಾಪಾಡಿಕೊಳ್ಳದೆ ಅರ್ಧ ಮಾರಿಬಿಟ್ಟದ್ದು ಇನ್ನೂ ದೊಡ್ಡ ತಪ್ಪು.

ಏಕೆಂದರೆ ಬರ ಮರಳಿ ಬಂತು. 2012ರಿಂದ ಮತ್ತೆ ಮಳೆ ತಪ್ಪಿತು. ಕಚುಮಾ ಮತ್ತೆ ತಳ ಕಂಡಿತು. 2015ರ ಜುಲೈಯಲ್ಲಿ ಪುರಸಭೆ ಬೀಗ ತೆಗೆಯಲು ತೀರ್ಮಾನಿಸಿತು. ಬೀಗ ತೆಗೆದರೆ ಒಳಗೆ ಏನಿತ್ತು? ಹೊಸ ಪೊರೆ, ಹೊಸ ಪಂಪು ಎಲ್ಲವೂ ಬೇಕಾದವು. ಸುಮಾರು 7 ಕೋಟಿ 20 ಲಕ್ಷ ಡಾಲರು ಖರ್ಚಾಯಿತು, ಮೊದಲು ಕಟ್ಟಿದ್ದರ ಎರಡರಷ್ಟು. ಈ ಬಾರಿಯ ಯಂತ್ರಾಗಾರ ಚಿಕ್ಕದು, ದಿನಕ್ಕೆ ಒಂದು ಕೋಟಿ ಲೀಟರಿಗಿಂತ ತುಸು ಹೆಚ್ಚು. 2017ರ ಮೇ ತಿಂಗಳಲ್ಲಿ ನೀರು ಕೊಡತೊಡಗಿತು. ಮತ್ತೆ ಅದೇ ವಿಚಿತ್ರ, ಆ ಚಳಿಗಾಲದಲ್ಲೇ ಕ್ಯಾಲಿಫೋರ್ನಿಯದಲ್ಲಿ ಭಾರಿ ಮಳೆಯಾಗಿತ್ತು! ಆದರೆ ಈ ಸಲ ಯಂತ್ರ ನಿಲ್ಲಿಸಲಿಲ್ಲ. ಊರಿನ ಒಟ್ಟು ಅಗತ್ಯದ ಮೂರರಲ್ಲೊಂದಕ್ಕೆ ಸಮೀಪದ ಪಾಲನ್ನು ಕಡಲಿನಿಂದ ಪಡೆಯಲು ನಿರ್ಧರಿಸಿದರು. ಜಲಾಶಯದ ನೀರು ಅಷ್ಟು ಉಳಿಯುತ್ತದೆ, ಮುಂದಿನ ಬರಕ್ಕೆ ಗಂಟಾಗುತ್ತದೆ ಎಂಬ ಲೆಕ್ಕ.

ದಿನವೂ ದುಡಿಸಬೇಕೆ, ಬರಕ್ಕೆಂದು ಕಾದಿಡಬೇಕೆ ಎಂಬ ಈ ಪ್ರಶ್ನೆಯೇ ಯೋಜನೆಯ ತಿರುಳು. ಆಸ್ಟ್ರೇಲಿಯದಲ್ಲಿ ಎರಡು ಊರುಗಳು ಎರಡು ಉತ್ತರ ಕೊಟ್ಟವು. ಪಶ್ಚಿಮದ ಪರ್ತ್ ನಗರದಲ್ಲಿ 1970ರ ದಶಕದ ನಡುವಿನಿಂದಲೇ ಮಳೆ ಕುಗ್ಗುತ್ತ ಬಂದು, ಜಲಾಶಯಗಳಿಗೆ ಹರಿದು ಬರುವ ನೀರು ಹಿಂದಿನದರ ಅರ್ಧದಷ್ಟಕ್ಕೆ ಇಳಿಯಿತು. ಇದು ಬಂದು ಹೋಗುವ ಬರವಲ್ಲ, ಹವೆಯೇ ಬದಲಾಗಿದೆ ಎಂದು ಅಲ್ಲಿಯ ಎಂಜಿನಿಯರುಗಳು ತಿಳಿದರು. 2006ರ ನವೆಂಬರಿನಲ್ಲಿ ಕ್ವಿನಾನದಲ್ಲಿ ಕಡಲ ನೀರಿನ ಕಾರ್ಖಾನೆ ತೆರೆದು ಅದನ್ನು ಎಡೆಬಿಡದೆ ನಡೆಸಿದರು. ಅದು ಬಳಸುವ ವಿದ್ಯುತ್ತಿಗೆ ಸಮನಾಗುವಷ್ಟನ್ನು ಗಾಳಿಯ ಗಿರಣಿಗಳಿಂದ ಪಡೆದರು. ಮೆಲ್ಬರ್ನಿನ ಕಥೆ ಬೇರೆ. ದೀರ್ಘ ಬರದ ನಡುವೆ ಭಾರಿ ಯಂತ್ರಾಗಾರಕ್ಕೆ ಕೈಹಾಕಿದರು. ಅದು ಮುಗಿದದ್ದು 2012ರ ಡಿಸೆಂಬರಿನಲ್ಲಿ, ಬರ ಮುರಿದು ಎರಡು ವರ್ಷವಾದ ಮೇಲೆ. ಅಲ್ಲಿಂದ ಮೊದಲು ನೀರು ತರಿಸಿದ್ದು 2017ರಲ್ಲಿ. ಒಂದು ಹನಿ ನೀರೂ ಬಾರದ ಆ ವರ್ಷಗಳಲ್ಲಿ ಒಪ್ಪಂದದಂತೆ ಕೋಟಿಗಟ್ಟಲೆ ಡಾಲರು ಕಟ್ಟುತ್ತಲೇ ಇದ್ದರು.

ಇನ್ನು ನಮ್ಮ ಮಗ್ಗುಲಿನ ಊರಿಗೆ ಬರೋಣ. ಮದರಾಸು ಎಂದು ನಮ್ಮ ಹಿರಿಯರು ಕರೆಯುತ್ತಿದ್ದ, 1996ರಿಂದ ಚೆನ್ನೈ ಎನಿಸಿಕೊಂಡಿರುವ ನಗರ. ಅಲ್ಲಿಯ ನೀರಿನ ಇತಿಹಾಸವೆಂದರೆ ಪ್ರತಿಯೊಂದು ಪೀಳಿಗೆಯೂ ಇನ್ನಷ್ಟು ದೂರ ಕೈ ಚಾಚಿದ ಇತಿಹಾಸ. 1772ರಲ್ಲಿ ಕೋಟೆಯ ಇಂಗ್ಲಿಷರಿಗೆ ಏಳು ಬಾವಿಗಳ ನೀರು. 1872ರಲ್ಲಿ ಊರಾಚೆಯ ಕೆಂಗುಡ್ಡದ ಕೆರೆಯಿಂದ ಕಾಲುವೆ. 1914ರಲ್ಲಿ ಕಿಲ್ಪಾಕಿನಲ್ಲಿ ನೀರು ಸೋಸುವ ಮರಳ ತೊಟ್ಟಿಗಳು. 1944ರಲ್ಲಿ ಪೂಂಡಿಯ ಜಲಾಶಯ. ಇಷ್ಟೆಲ್ಲ ಆದರೂ ಇವಕ್ಕೆ ಆಧಾರ ಒಂದೇ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತ. ಅದು ಒಂದು ವರ್ಷ ಮುನಿದರೆ ಎಲ್ಲ ಕೆರೆಗಳೂ ಒಟ್ಟಿಗೆ ಒಣಗುತ್ತವೆ. ಬುಟ್ಟಿ ನಾಲ್ಕಿದ್ದರೂ ತೂಗುಹಾಕಿದ ಕೊಂಬೆ ಒಂದೇ.

ಆಮೇಲೆ ಕೃಷ್ಣಾ ನದಿಯ ಕಡೆಗೆ ಕೈ ಚಾಚಿದರು. ಇದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. 1976ರಲ್ಲಿ ಆದ ಒಪ್ಪಂದದಂತೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಪ್ರದೇಶ ಈ ಮೂರು ರಾಜ್ಯಗಳೂ ಕೃಷ್ಣೆಯಲ್ಲಿ ತಮಗೆ ಬರಬೇಕಾದ ಪಾಲಿನಿಂದ ತಲಾ 5 ಟಿ.ಎಂ.ಸಿ. ನೀರನ್ನು ಮದರಾಸಿನ ಬಾಯಾರಿಕೆಗೆ ಬಿಟ್ಟುಕೊಟ್ಟವು. ಕಾವೇರಿಯ ಮಾತು ಬಂದಾಗಲೆಲ್ಲ ಎರಡು ರಾಜ್ಯಗಳ ಜಗಳವೇ ನೆನಪಾಗುತ್ತದೆ. ಈ ಕೊಡುಗೆಯನ್ನೂ ಅದರ ಪಕ್ಕದಲ್ಲಿಟ್ಟು ನೆನೆಯುವುದು ನ್ಯಾಯ. ಆದರೆ ಕಾಗದದ ಮೇಲಿನ ನೀರು ಕೊಳಾಯಿಗೆ ಬರಲು ಇಪ್ಪತ್ತು ವರ್ಷ ಬೇಕಾಯಿತು. ತಮಿಳುನಾಡಿನ ಗಡಿಯನ್ನು ಕೃಷ್ಣೆಯ ನೀರು ಮುಟ್ಟಿದ್ದು 1996ರಲ್ಲಿ. ಬಂದ ಮೇಲೂ ಗೊತ್ತುಮಾಡಿದಷ್ಟು ನೀರು ಪ್ರತಿವರ್ಷ ಬರಲಿಲ್ಲ. ದಾರಿ ಉದ್ದ, ದಾರಿಯಲ್ಲಿರುವ ಹೊಲಗಳೂ ಬಾಯಾರಿದವು.

2003 ಮತ್ತು 2004ರ ಬರದಲ್ಲಿ ಚೆನ್ನೈ ನಲ್ಲಿಗಳು ಬತ್ತಿ, ನೀರನ್ನು ಲಾರಿಗಳಲ್ಲಿ ಹಂಚಬೇಕಾಯಿತು. ಮನೆಮನೆಯ ಮಾಡಿನ ಮೇಲೆ ಬಿದ್ದ ಮಳೆಯನ್ನು ನೆಲಕ್ಕೆ ಇಂಗಿಸಬೇಕೆಂಬ ಕಾನೂನು ಕಟ್ಟುನಿಟ್ಟಾಗಿ ಜಾರಿಗೆ ಬಂದದ್ದು ಆಗಲೇ, 2003ರಲ್ಲಿ. ಅಗ್ಗದ ಕೆಲಸ, ಒಳ್ಳೆಯ ಕೆಲಸ. ಆದರೆ ಮಳೆ ಬಂದರೆ ತಾನೆ ಇಂಗಿಸುವುದು? ಹಾಗಾಗಿ ಕಡಲಿನ ಮಾತೂ ಬಂತು. 2005ರಲ್ಲಿ ಒಪ್ಪಂದವಾಯಿತು. ನಗರದ ಉತ್ತರಕ್ಕೆ ಮಿಂಜೂರಿನ ಬಳಿಯ ಕಾಟ್ಟುಪ್ಪಳ್ಳಿಯಲ್ಲಿ ದಿನಕ್ಕೆ 10 ಕೋಟಿ ಲೀಟರು ಕೊಡುವ ಯಂತ್ರಾಗಾರ 2010ರ ಜುಲೈ 31ರಂದು ಉದ್ಘಾಟನೆಯಾಯಿತು. ಕಂಪನಿಯವರೇ ಹಣ ಹಾಕಿ ಕಟ್ಟಿ ನಡೆಸುವುದು, ನಗರದ ನೀರು ಮಂಡಲಿ 25 ವರ್ಷ ನೀರನ್ನು ಕೊಳ್ಳುವುದು ಎಂಬ ಏರ್ಪಾಡು. ಆರಂಭದ ಬೆಲೆ ಸಾವಿರ ಲೀಟರಿಗೆ ಸುಮಾರು 48 ರೂಪಾಯಿ. ದಕ್ಷಿಣದಲ್ಲಿ, ಮಹಾಬಲಿಪುರದ ದಾರಿಯ ನೆಮ್ಮೇಲಿಯಲ್ಲಿ, ಅಷ್ಟೇ ದೊಡ್ಡ ಇನ್ನೊಂದು ಯಂತ್ರಾಗಾರ ಕೇಂದ್ರ ಸರ್ಕಾರದ ಹಣದಿಂದ ಎದ್ದು 2013ರ ಫೆಬ್ರುವರಿಯಲ್ಲಿ ಆರಂಭವಾಯಿತು.

ದುಬಾರಿ ನೀರು ಎಂದು ಟೀಕೆ ಬಂತು. ಅದರಲ್ಲಿ ಸುಳ್ಳೇನೂ ಇಲ್ಲ. ಸಾವಿರ ಲೀಟರಿಗೆ ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ತು ಬೇಕು. ಕೆರೆಯಿಂದ ತಾನಾಗಿ ಇಳಿದು ಬರುವ ನೀರಿನ ಮುಂದೆ ಇದು ದುಬಾರಿಯೇ. ಹೊರಬಿಡುವ ಉಳಿಕೆಯ ಮಾತೂ ಇದೆ. ನೂರು ಬಿಂದಿಗೆ ಕಡಲ ನೀರು ಎತ್ತಿದರೆ ನಲವತ್ತು ನಲವತ್ತೈದು ಬಿಂದಿಗೆ ಮಾತ್ರ ಸಿಹಿನೀರಾಗುತ್ತದೆ. ಮಿಕ್ಕದ್ದು ಎರಡರಷ್ಟು ಉಪ್ಪಾಗಿ ಮತ್ತೆ ಕಡಲಿಗೆ. ದಡದ ಹತ್ತಿರವೇ ಅದನ್ನು ಸುರಿದರೆ ಅಲ್ಲಿಯ ಜಲಚರಗಳ ಗತಿಯೇನು? ಕೊಳಾಯಿಯನ್ನು ಆಳಕ್ಕೆ ಒಯ್ದು, ಹಲವು ಬಾಯಿಗಳಿಂದ ಚಿಮ್ಮಿಸಿ, ಬೇಗ ಬೆರೆಯುವಂತೆ ಮಾಡಬೇಕು. ನೀರು ಎಳೆದುಕೊಳ್ಳುವ ಬಾಯಿಗೂ ಕಾವಲು ಬೇಕು. ಸಾಂತಾ ಬಾರ್ಬರಾದಲ್ಲಿ ಮರಿಮೀನು ನುಗ್ಗದ ಹಾಗೆ ಒಂದು ಮಿಲಿಮೀಟರಿನ ಸಂದುಳ್ಳ ಜಾಲರಿ ಹಾಕಿದ್ದಾರೆ. ಚೆನ್ನೈ ಬಳಿಯ ಮೀನುಗಾರರು ತಮ್ಮ ದಡ ಕೊರೆದುಹೋಗುತ್ತಿದೆ, ಮೀನು ದೂರ ಸರಿಯುತ್ತಿದೆ ಎಂದು ದೂರಿದ್ದಾರೆ. ನಗರದವರು ನೀರು ಕುಡಿಯಲು ಕಡಲಿನವರು ಕೆಲಸ ಕಳೆದುಕೊಳ್ಳಬೇಕೆ ಎಂಬ ಪ್ರಶ್ನೆಗೆ ಎಂಜಿನಿಯರನ ಬಳಿ ಉತ್ತರವಿಲ್ಲ. ಯೋಜನೆಯ ಮೊದಲ ಸಭೆಗೇ ಅವರನ್ನು ಕರೆದು ಕೂರಿಸಿಕೊಂಡಿದ್ದರೆ ಕೊಳಾಯಿಯ ಜಾಗವನ್ನಾದರೂ ಅವರು ಸರಿಯಾಗಿ ತೋರಿಸುತ್ತಿದ್ದರು. ದಡದ ಮರಳು ಯಾವ ತಿಂಗಳು ಯಾವ ಕಡೆಗೆ ಸರಿಯುತ್ತದೆಂದು ಅವರಿಗಿಂತ ಬಲ್ಲವರು ಯಾರು?

ಆದರೆ 2019 ಬಂತು. ಅದಕ್ಕೆ ನಾಲ್ಕು ವರ್ಷದ ಹಿಂದೆ, 2015ರ ಡಿಸೆಂಬರಿನಲ್ಲಿ, ಇದೇ ನಗರ ನೆರೆಯಲ್ಲಿ ಮುಳುಗಿತ್ತು. ನಂತರದ ಮಳೆಗಾಲಗಳು ಕೈಕೊಟ್ಟವು. 2019ರ ಜೂನಿನಲ್ಲಿ ನಾಲ್ಕು ಜಲಾಶಯಗಳೂ ಹೆಚ್ಚು ಕಡಿಮೆ ಬರಿದಾದವು. ದಿನಕ್ಕೆ 83 ಕೋಟಿ ಲೀಟರು ಕೊಡುತ್ತಿದ್ದ ನೀರು ಮಂಡಲಿ 52 ಕೋಟಿಗೆ ಇಳಿಸಬೇಕಾಯಿತು. ಹೋಟೆಲುಗಳು ಊಟ ನಿಲ್ಲಿಸಿದವು, ಕಚೇರಿಗಳು ನೌಕರರನ್ನು ಮನೆಯಿಂದಲೇ ಕೆಲಸ ಮಾಡಿ ಎಂದವು. ಖಾಸಗಿ ಲಾರಿಯವರ ನೀರಿನ ಬೆಲೆ ಕಡಲ ನೀರಿನ ಬೆಲೆಯ ಹಲವು ಪಟ್ಟು ಏರಿತು. ಆಗ ಉಳಿದಿದ್ದ 52 ಕೋಟಿಯಲ್ಲಿ ಮೂರರಲ್ಲೊಂದು ಭಾಗಕ್ಕೂ ಹೆಚ್ಚು ಬಂದದ್ದು ಮಿಂಜೂರು, ನೆಮ್ಮೇಲಿಗಳಿಂದ. ಆ ಎರಡು ಕಡೆ ಮಾತ್ರ ಮಳೆಯ ಲೆಕ್ಕ ಕೇಳುವವರಿರಲಿಲ್ಲ.

ಈಗ ಆ ರೈಲಿನ ಮಾತು. ಬೆಂಗಳೂರಿನಿಂದ ಮದರಾಸಿಗೆ ಹೋದವರೆಲ್ಲ ಜೋಲಾರಪೇಟೆಯನ್ನು ಬಲ್ಲಿರಿ. ನಡುರಾತ್ರಿಯಲ್ಲಿ ಕಾಫಿಯ ಕೂಗಿಗೆ ಎಚ್ಚರವಾಗುವ ನಿಲ್ದಾಣ. 2019ರ ಜುಲೈ 12ರಂದು ಅಲ್ಲಿಂದ 50 ತೊಟ್ಟಿಗಳ ರೈಲೊಂದು 25 ಲಕ್ಷ ಲೀಟರು ಕುಡಿಯುವ ನೀರು ಹೊತ್ತು ಚೆನ್ನೈಗೆ ಹೊರಟಿತು. ತಳಿರು ತೋರಣ ಕಟ್ಟಿ ಕಳುಹಿಸಿದರು. ಒಂದು ನಗರದ ಸಂಕಟಕ್ಕೆ ನೆರವಾದ ಆ ರೈಲನ್ನು ಹಳಿಯಲಾರೆ. ಆದರೆ ಲೆಕ್ಕ ಹಾಕಿ ನೋಡಿ. ಮಿಂಜೂರಿನ ಒಂದು ದಿನದ ನೀರನ್ನು ತರಬೇಕಾದರೆ ಅಂಥ ರೈಲು ದಿನಕ್ಕೆ ನಲವತ್ತು ಓಡಬೇಕು. 1959ರಲ್ಲಿ ಕೋಲಿಂಗದವರು ಬಿಟ್ಟ ಪದ್ಧತಿಗೆ ಅರವತ್ತು ವರ್ಷದ ಮೇಲೆ ಚೆನ್ನೈ ಹೋಗಬೇಕಾಯಿತು.

ಈ ಸಲ ಚೆನ್ನೈಯವರು ಮಳೆ ಬಂದ ಮೇಲೂ ಮರೆಯಲಿಲ್ಲ. 2019ರ ತರುವಾಯ ಹಲವು ಒಳ್ಳೆಯ ಮಳೆಗಾಲಗಳಾದರೂ ಕೆಲಸ ಮುಂದುವರಿಯಿತು. ನೆಮ್ಮೇಲಿಯಲ್ಲಿ ದಿನಕ್ಕೆ 15 ಕೋಟಿ ಲೀಟರಿನ ಎರಡನೆಯ ಘಟಕ 2024ರ ಫೆಬ್ರುವರಿಯಲ್ಲಿ ಆರಂಭವಾಯಿತು. ಅದರ ಪಕ್ಕದ ಪೇರೂರಿನಲ್ಲಿ 40 ಕೋಟಿ ಲೀಟರಿನದಕ್ಕೆ ಜಪಾನಿನ ಸಾಲದ ನೆರವಿನಿಂದ 2023ರಲ್ಲಿ ಅಡಿಗಲ್ಲು ಬಿದ್ದಿತು. ಕೆರೆ ತುಂಬಿರುವಾಗ ಕಡಲಿನ ಕೆಲಸಕ್ಕೆ ಹಣ ಹಾಕುವುದು ಯಾವ ಪುರಸಭೆಗೂ ಸುಲಭವಲ್ಲ. ಸಾಂತಾ ಬಾರ್ಬರಾದವರಿಗೆ ಅದನ್ನು ಕಲಿಯಲು ಎರಡು ಬರ ಬೇಕಾದವು.

ಪಶ್ಚಿಮ ಸಮುದ್ರದಲ್ಲಿ ಇನ್ನೊಂದು ಬಗೆಯ ಪ್ರಯೋಗವಾಗಿದೆ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಪೊರೆಯೂ ಇಲ್ಲದೆ ಒಲೆಯೂ ಇಲ್ಲದೆ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರು ಮಾಡುವ ಯಂತ್ರವನ್ನು ನಮ್ಮ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಹೂಡಿದರು. ಮೇಲಿನ ಬೆಚ್ಚನೆಯ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಅದರಲ್ಲಿ ಸ್ವಲ್ಪ ಭಾಗ ತಾನಾಗಿ ಹಬೆಯಾಗುತ್ತದೆ. ಸುಮಾರು 350 ಮೀಟರು ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಅದನ್ನು ತಣಿಸುತ್ತಾರೆ. ದಡದ ಹತ್ತಿರವೇ ಅಷ್ಟು ಆಳ ಸಿಕ್ಕುವ ದ್ವೀಪಗಳಿಗೆ ಹೇಳಿ ಮಾಡಿಸಿದ ಉಪಾಯ. ಎಲ್ಲ ಊರಿಗೂ ಆಗದು.

ನಮ್ಮ ಮಂಗಳೂರಿನಲ್ಲೂ ಈ ಕಥೆ ಬೇರೆ ರೂಪದಲ್ಲಿ ನಡೆದಿದೆ. ವರ್ಷಕ್ಕೆ ಸುಮಾರು ನೂರೈವತ್ತು ಅಂಗುಲ ಮಳೆ ಸುರಿಯುವ ಆ ಊರಿಗೂ ಏಪ್ರಿಲ್ ಮೇ ತಿಂಗಳಲ್ಲಿ ನೇತ್ರಾವತಿ ಸೊರಗುವುದುಂಟು. ನೀರಿಲ್ಲದೆ 2012ರಲ್ಲಿಯೂ ಆಮೇಲೆಯೂ ಅಲ್ಲಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಘಟಕಗಳನ್ನು ನಿಲ್ಲಿಸಬೇಕಾಗಿ ಬಂತು. ಕೊನೆಗೆ ಕಾರ್ಖಾನೆಯವರು ತಮ್ಮ ಬಳಕೆಗೆ ದಿನಕ್ಕೆ 3 ಕೋಟಿ ಲೀಟರಿನ ಕಡಲ ನೀರಿನ ಯಂತ್ರಾಗಾರವನ್ನು ಕಟ್ಟಿಕೊಂಡರು. ಅದರ ನೀರು ಮನೆಗಳ ನಲ್ಲಿಗೆ ಬರುವುದಿಲ್ಲ. ಆದರೆ ಅಷ್ಟು ನದಿಯ ನೀರು ಊರಿನವರಿಗೆ ಉಳಿಯುತ್ತದೆ. ಕಡಲ ಉಪ್ಪುನೀರನ್ನು ಸಿಹಿ ಮಾಡುವ ಆ ಸ್ಥಳದ ಹೆಸರು, ಕೇಳಿದರೆ ನಗುತ್ತೀರಿ, ಹಿಂದಿನಿಂದಲೂ ತಣ್ಣೀರುಬಾವಿ.